ಗೆರೆ ಇಲ್ಲದ ಹೆಬ್ಬೆಟ್ಟು

ಮೊಮ್ಮಗಳು ದಿವ್ಯಾ ಈಗಷ್ಟೇ ಮುಖಕ್ಕೆ ಪೌಡರ್ ಬಳಿದುಕೊಂಡು ಕಾಲೇಜಿಗೆ ಹೋದಳು. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಮ್ಮ ಮನೆಯ ಬೆಳ್ಳಿ ದೀಪದ ತನಿಖೆ ನೆನಪಾಗುತ್ತದೆ.

ಈ ಹುಡುಗಿ ಫೋನಿನಲ್ಲಿ ಕೊಲೆ ಕಥೆ ಕೇಳುತ್ತಾ ಮುದ್ದೆ ನುಂಗುವವಳು. ಬೈಯುತ್ತಾ ಬೈಯುತ್ತಾ ನಾನೂ ಪಕ್ಕದಲ್ಲಿ ಕೂತು ಕೇಳಿದೆ. ನಾಲ್ಕು ಕಥೆ ಮುಗಿಯುವಷ್ಟರಲ್ಲಿ, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಪೊಲೀಸರಿಗಿಂತ ಹೆಚ್ಚು ತಿಳಿದುಬಿಟ್ಟಿತ್ತು.

ಹೋದ ವರ್ಷ ಮನೆಯವರೆಲ್ಲ ಮದುವೆಗೆ ಹೋಗಿ ಬಂದು ನೋಡಿದರೆ ದೇವರ ಬೀರುವಿನಲ್ಲಿ ದೀಪವಿಲ್ಲ. ನೀರು ಬಂದಾಗ ಮೋಟರ್ ಹಾಕಲೆಂದು ಕೀ ಕೊಟ್ಟಿದ್ದು ಮಹಾದೇವಿಗೆ. ಹಿಂದಿನ ರೂಮಿನ ಬಾಡಿಗೆಯವಳು, ಬಿಜಾಪುರದ ಕಡೆಯವಳು, ಬೊಮ್ಮಸಂದ್ರದಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ.

ದಿವ್ಯಾ ಬೀರುವಿನ ಗಾಜಿಗೆ ಪೌಡರ್ ಉದುರಿಸಿ, ಕೆನ್ನೆಗೆ ಬಣ್ಣ ಹಚ್ಚುವ ಬ್ರಷ್ಷಿನಿಂದ ಸವರಿದಳು. ಅವಳಮ್ಮನ ಬೆರಳಿನ ಗೆರೆಗಳು ರಂಗೋಲಿಯ ಹಾಗೆ ಎದ್ದು ಬಂದವು. ಹಿಡಿಯ ಪಕ್ಕದಲ್ಲಿ ಮಾತ್ರ ಒಂದು ಬೋಳು ಗುರುತು.

“ಗೆರೆನೇ ಇಲ್ಲ! ಗ್ಲೌಸ್ ಹಾಕ್ಕೊಂಡು ಮುಟ್ಟಿದ್ದಾರೆ ಕಣಜ್ಜಿ.”

“ಆ ಮಾದೇವಿ ಫ್ಯಾಕ್ಟರೀಲಿ ಕೈಗೆ ಹಾಕ್ಕೊಳ್ಳೋ ರಬ್ಬರ್ ಚೀಲಾನೇನೇ?”

“ಅದೇ!”

ಇನ್ನೇನು ಬೇಕು, ನೀವೇ ಹೇಳಿ. ಬಾಡಿಗೆಯವರೆಲ್ಲ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಾಗ ಸೆರಗು ಸಿಕ್ಕಿಸಿ ಕೂಗಿದೆ: “ಕಳ್ಳಿ ಕಣೇ ನೀನು! ಭಾನುವಾರದೊಳಗೆ ರೂಮು ಖಾಲಿ ಮಾಡು, ಇಲ್ಲಾಂದ್ರೆ ಸ್ಟೇಷನ್‌ಗೆ ನಡಿ!” ಮಹಾದೇವಿ ಅರ್ಧ ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋದಳು. ಅದನ್ನೂ ಸಾಕ್ಷಿಗೆ ಸೇರಿಸಿಕೊಂಡೆ.

ಶನಿವಾರ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದೆ. ಮಿಷನ್ ಕುಯ್ ಅಂತು. ಎಷ್ಟೋ ತಿಂಗಳಿಂದ ಅದೇ ರಾಗ. ಮಿಷನ್ನೇ ಕೆಟ್ಟಿದೆ ಎಂದು ಅಂಗಡಿಯವನಿಗೆ ಬೈಯುತ್ತಿದ್ದೆ. ಅವತ್ತು ಅವನಿಗೂ ಸಾಕಾಗಿತ್ತು. “ಮಿಷನ್ ನೆಟ್ಟಗದೆ ಕಣಜ್ಜಿ. ಪಾತ್ರೆ ಉಜ್ಜಿ ಉಜ್ಜಿ ನಿನ್ನ ಬೆಟ್ಟೇ ಸವೆದೋಗದೆ. ಒಂದು ಗೆರೆನಾದ್ರೂ ಅದಾ ನೋಡ್ಕೊ.”

ಮನೆಗೆ ಬಂದು, ಯಾರಿಗೂ ಹೇಳದೆ, ಗಾಜಿಗೆ ಬೆಟ್ಟು ಒತ್ತಿ ಪೌಡರ್ ಉದುರಿಸಿದೆ. ಅದೇ ಬೋಳು. ಆಗ ನೆನಪಾಯಿತು: ಮದುವೆಗೆ ಹೊರಡುವ ಬೆಳಗ್ಗೆ, ಕಳ್ಳರ ಭಯಕ್ಕೆ, ದೀಪವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಹುಗಿದವಳು ನಾನೇ. ಕೈ ಹಾಕಿದೆ. ಇತ್ತು.

ಮಹಾದೇವಿ ಸಾಮಾನು ಕಟ್ಟುತ್ತಿದ್ದಳು. “ಸಿಕ್ತು ಕಣವ್ವ, ಇರು ನೀನು” ಎಂದು ಪಿಸುಗುಟ್ಟಿದೆ.

ಅವಳು ಹಗ್ಗ ಬಿಗಿಯುತ್ತಲೇ ಹೇಳಿದಳು: “ಕಳ್ಳಿ ಅಂದದ್ದು ನಳದ ಮುಂದ, ಅಜ್ಜಿ. ಸಿಕ್ಕಿದ್ದೂ ಅಲ್ಲೇ ಹೇಳ್ರಿ. ಅಷ್ಟ ಜೋರಾಗಿ.”

ಹೋದೆ. “ದೀಪ ರಾಗೀಲಿ ಹುಗಿದಿದ್ದು ನಾನೇ ಕಣ್ರವ್ವಾ! ಮಾದೇವಿ ಮುಟ್ಟಿಲ್ಲ!”

“ಇನ್ನೊಂದ್ಸಲ ಹೇಳಜ್ಜಿ, ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ” ಎಂದಳು ಕೊನೆಯ ರೂಮಿನವಳು. ಕೇಳಿಸಿತ್ತು ಅವಳಿಗೆ. ಆದರೂ ಹೇಳಿದೆ.

ಮಹಾದೇವಿ ಗಂಟು ಬಿಚ್ಚಿದಳು. ಆದರೆ ನಮ್ಮ ಮನೆಯ ಕೀ ಇವತ್ತಿಗೂ ಮುಟ್ಟುವುದಿಲ್ಲ. ನಾವು ಊರಿಗೆ ಹೋದರೆ ಟ್ಯಾಂಕ್ ಖಾಲಿ.

ನಾಳೆ ಮತ್ತೊಂದು ಮದುವೆ. ದಿವ್ಯಾ ಚೆಲ್ಲಿಹೋದ ಪೌಡರ್ ಒರೆಸಿ, ಕೀ ಹಿಡಿದು ಅವಳ ಬಾಗಿಲಿಗೆ ಹೋಗಬೇಕು. ಈ ಸಲ ದೀಪ ಎಲ್ಲಿಟ್ಟಿದ್ದೇನೆಂದು ಅವಳಿಗೆ ಹೇಳಿಯೇ ಕೀ ಕೊಡುತ್ತೇನೆ. ತೆಗೆದುಕೊಂಡರೆ.