ಇಂಜಿನ್ನಿನ ಬ್ಯಾಟರಿ ಬಿಚ್ಚಿದ ಸಂಜೆ

ಮದುವೆಯಾಗಿ ಎಲ್ಲರೂ ಗಂಡನ ಮನೆಗೆ ಹೋಗ್ತಾರೆ, ನಾನು ಹೋದದ್ದು ವ್ಯಾನಿಗೆ. ಇವರು ಬೇಸಾಯದ ಪ್ರದರ್ಶನ ವ್ಯಾನಿನ ಡ್ರೈವರು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಅಂತ ಸುತ್ತಾಟ. ಊರಿಗೆ ಎರಡು ಮೂರು ದಿನ ಬಿಡಾರ. ಬಿತ್ತನೆ ಬೀಜದ ಡಬ್ಬಿಗಳ ಹಿಂದೆ ಒಂದು ಹಲಗೆ ಮಂಚ, ಒಂದು ಸೀಮೆಎಣ್ಣೆ ಸ್ಟೌ, ಇವರು, ನಾನು, ಮತ್ತೆ ನನ್ನ ಇಬ್ಬರು ಸವತಿಯರು. ಸವತಿಯರು ಅಂದ್ರೆ ಬ್ಯಾಟರಿಗಳು!

ಒಂದು ಇಂಜಿನ್ನಿಗೆ, ಅದನ್ನು ಯಾರೂ ಮುಟ್ಟುವ ಹಾಗೇ ಇರಲಿಲ್ಲ. ಇನ್ನೊಂದು ಒಳಗಿನ ದೀಪ, ಮೈಕು, ರೇಡಿಯೊಗೆ. ಊರು ಸೇರಿದ ಕೂಡಲೇ ಇವರು ಕುಡಿಯೋ ನೀರು ಎಲ್ಲಿದೆ ಅಂತ ನೋಡ್ತಿರಲಿಲ್ಲ, ಕರೆಂಟು ಎಲ್ಲಿದೆ ಅಂತ ನೋಡ್ತಿದ್ದರು. ಹಿಟ್ಟಿನ ಮಿಲ್ಲಿನ ಪಕ್ಕದಲ್ಲೇ ಗಾಡಿ ನಿಲ್ಲಿಸಿ, ಮಿಲ್ಲಿನವರನ್ನು ಅಣ್ಣ, ಮಾವ ಅಂತ ಪೂಸಿ ಹೊಡೆದು, ವೈರು ಎಳೆದು ಚಾರ್ಜಿಗೆ ಹಾಕೋರು. ಗಳಿಗೆಗೊಂದು ಸಲ ಮುಚ್ಚಳ ಬಿಚ್ಚಿ ಇಣುಕೋರು. ನನಗೆ ಜ್ವರ ಬಂದಾಗ ಅಷ್ಟು ಸಲ ಇಣುಕಿದ್ದರೆ ನಾನು ಏನೂ ಅಂತಿರಲಿಲ್ಲ.

ಆ ವರ್ಷ ಅವರೆಕಾಯಿ ಕಾಲದಲ್ಲಿ ಕೈವಾರದಲ್ಲಿದ್ದೆವು. ನಂದಿಯಲ್ಲಿ ದ್ರಾಕ್ಷಿ ಬೆಳೀತಿದ್ದ ನಮ್ಮಪ್ಪ ತೀರಿಕೊಂಡು ತಿಂಗಳಾಗಿತ್ತು. ಕಾಯಿಲೆ ಬೀಳುವ ಮೊದಲು ಬೆಂಗಳೂರಿಗೆ ಹೋಗಿ, ರೇಡಿಯೊದ ರೈತರ ಕಾರ್ಯಕ್ರಮಕ್ಕೆ ದ್ರಾಕ್ಷಿ ಬಗ್ಗೆ ಮಾತಾಡಿ ಬಂದಿದ್ದರು. ಅದು ಇಂಥ ದಿನ ಸಂಜೆ ಆರೂವರೆಗೆ ಬರುತ್ತೆ ಅಂತ ನನ್ನ ತಮ್ಮ ಕಾರ್ಡು ಬರೆದಿದ್ದ. ಅಪ್ಪನದೊಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ. ಅವರ ದನಿ ಇನ್ನೊಂದೇ ಒಂದು ಸಲ ಕೇಳಬಹುದು, ಅಷ್ಟೆ. ಮಾತು ಶುರುವಾದ್ರೆ ಅಪ್ಪನಿಗೆ ಗಂಟಲು ಒಣಗೋದು. ಮಧ್ಯೆ ನಿಲ್ಲಿಸಿ "ನೀರು ಕೊಡಮ್ಮ" ಅನ್ನೋರು. ಲೋಟ ಹಿಡಿದು ಓಡ್ತಿದ್ದವಳು ನಾನು.

ಹಿಂದಿನ ದಿನ ಮೈಕು ಕೂಗಿ ಕೂಗಿ ಒಳಗಿನ ಬ್ಯಾಟರಿ ಸೋತಿತ್ತು. ಅವತ್ತು ಬೆಳಿಗ್ಗೆ ಇವರು ವೈರು ಸಿಕ್ಕಿಸಿ, "ಸಂಜೆತನಕ ಮುಟ್ಟಬೇಡ ಕಣೇ, ನಿಮ್ಮಪ್ಪನಿಗೋಸ್ಕರ ಹೇಳ್ತಿದೀನಿ" ಅಂದು ಬೋರ್ಡುಗಳನ್ನು ಹೊತ್ತು ಸ್ಕೂಲಿನ ಕಡೆ ಹೋದರು. ಸ್ವಲ್ಪ ಹೊತ್ತಿಗೆ, ರಾಗಿ ಬೀಸಿಸೋಕೆ ಕಾಯ್ತಿದ್ದ ಹೆಂಗಸರು ಬಂದರು.

"ಯಮ್ಮಾ, ನಿಮ್ಮ ವೈರು ಕರೆಂಟೆಲ್ಲ ಕುಡಿದುಬಿಡ್ತಾ ಐತೆ. ಕಲ್ಲು ತಿರುಗ್ತಾನೇ ಇಲ್ಲ. ನಮ್ಮ ಮಕ್ಕಳಿಗೆ ಮುದ್ದೆ ಬೇಡ್ವಾ?"

ನಿಜವಾಗಿ ಅವತ್ತು ಊರಿನ ಕರೆಂಟೇ ಮಂಕಾಗಿತ್ತು, ನಮ್ಮ ವೈರಿನ ತಪ್ಪೇನಿರಲಿಲ್ಲ. ನನಗೆ ಅದೆಲ್ಲ ಎಲ್ಲಿ ಗೊತ್ತು? ನಾಚಿಕೆಯಾಗಿ ವೈರು ಕಿತ್ತೆ. ಒಂದು ಗಳಿಗೆ ತಾನೇ ಅಂದುಕೊಂಡು ಅವರ ಜೊತೆ ಅವರೆಕಾಯಿ ಸುಲೀತಾ ಕೂತೆ. ಮಾತಿಗೆ ಕೂತರೆ ನಾನೂ ನಮ್ಮಪ್ಪನ ಮಗಳೇ. ವೈರು ಮರೆತೇ ಹೋಯಿತು.

ಐದು ಗಂಟೆಗೆ ಇವರು ಬಂದು ನೋಡಿದರೆ ಬ್ಯಾಟರಿ ಖಾಲಿ. ಈಗಲಾದರೂ ಹಾಕೋಣ ಅನ್ನುವಷ್ಟರಲ್ಲಿ ಊರಿಗೂರೇ ಕರೆಂಟು ಹೋಯಿತು. ಪಂಚಾಯ್ತಿ ರೇಡಿಯೊ ಕೂಡ ಬಂದ್.

"ನಿನಗೆ ಬುದ್ಧಿ ಇದೆಯೇನೇ?" ಅಂತ ಕೂಗಾಡಿದರು.

"ಇಲ್ಲ ರೀ, ಇದ್ದಿದ್ರೆ ವ್ಯಾನಿಗೆ ಸೊಸೆಯಾಗಿ ಬರ್ತಿದ್ನಾ?" ಅಂದೆ. ಅಂದವಳೇ ಗೊಳೋ ಅಂತ ಅತ್ತುಬಿಟ್ಟೆ.

ಇವರು ಸ್ಪ್ಯಾನರ್ ತಗೊಂಡು ಗಾಡಿಯ ಮುಂದಕ್ಕೆ ಹೋದರು. ಇಂಜಿನ್ನಿನ ಬ್ಯಾಟರಿ ಬಿಚ್ಚಿ ಎತ್ತಿಕೊಂಡು ಬಂದು ರೇಡಿಯೊಗೆ ಸಿಕ್ಕಿಸಿದರು. ಮುದಿ ಬ್ಯಾಟರಿ ಅದು, ಬೆಳಿಗ್ಗೆ ಒಂದು ಸಲ ಗಾಡಿ ಎಬ್ಬಿಸುವಷ್ಟೇ ತ್ರಾಣ, ರೇಡಿಯೊ ಹಾಕಿದ್ರೆ ಅದೂ ಹೋಯಿತು. ಇಂಜಿನ್ ಓಡಿಸಿಕೊಂಡು ಕೇಳೋಣ ಅಂದ್ರೆ ರೇಡಿಯೊದಲ್ಲಿ ಬರೀ ಇಂಜಿನ್ನಿನ ಕರಕರ.

"ನಾಳೆ ಒಂಬತ್ತಕ್ಕೆ ಚಿಂತಾಮಣಿಯಲ್ಲಿ ಸಾಹೇಬರು ಕಾಯ್ತಿರ್ತಾರಲ್ರೀ?" ಅಂದೆ.

"ನಿನ್ನ ರಾಗಿ ಗೆಳತಿಯರ ಗಂಡಂದಿರು ಬಂದು ತಳ್ತಾರೆ, ಸುಮ್ನೆ ಕೂತ್ಕೊ." ಪಾಪ, ಬೆಳಿಗ್ಗೆ ಬಂದು ತಳ್ಳಿದರು ಕೂಡ ಅನ್ನಿ.

ಆರೂವರೆಗೆ ಅಪ್ಪ ಬಂದರು. ಮೊದಲು ಪಾಠ ಒಪ್ಪಿಸುವ ಹಾಗೆ ಬಿಗಿಯಾಗಿ, ಆಮೇಲೆ ನಂದಿಯ ನಮ್ಮಪ್ಪನೇ. ಚಪ್ಪರ ಎಷ್ಟೆತ್ತರ ಇರಬೇಕು, ಬಳ್ಳಿ ಯಾವಾಗ ಸವರಬೇಕು. ಹೇಳ್ತಾ ಹೇಳ್ತಾ ಗಂಟಲು ಕಟ್ಟಿತು. ಕೆಮ್ಮಿದರು. ಅಲ್ಲಿದ್ದ ಯಾರಿಗೋ, "ಸ್ವಲ್ಪ ನೀರು ಕೊಡಮ್ಮ" ಅಂದರು.

ನಾನು ಎದ್ದೆ. ಬಿಂದಿಗೆಯಿಂದ ಲೋಟಕ್ಕೆ ಬಗ್ಗಿಸಿಕೊಂಡು ರೇಡಿಯೊ ಮುಂದೆ ಬಂದು ನಿಂತಮೇಲೇ ನನಗೆ ಎಚ್ಚರವಾದದ್ದು. ಅಪ್ಪ ಆಗಲೇ ಗೊಬ್ಬರದ ಮಾತಿಗೆ ಹೋಗಿದ್ದರು. ಲೋಟ ಹಿಡಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಇವರು ಕೈ ಚಾಚಿ ಅದನ್ನು ಈಸಿಕೊಂಡು, ಒಂದು ಹನಿ ಬಿಡದೆ ಕುಡಿದರು.