ವಾಲಿದ ಗೋಡೆಯ ಕ್ಯಾಲೆಂಡರು

ಕ್ಯಾಲೆಂಡರಿಗೂ ಗೋಡೆಗೂ ಇರಬೇಕಾದ ಸಂಬಂಧವನ್ನು ಕುರಿತು ನೀವು ಎಂದಾದರೂ ಚಿಂತಿಸಿದ್ದೀರಾ? ಚಿಂತಿಸಿರಲಾರಿರಿ. ನಿಮ್ಮ ಮನೆಯ ಕ್ಯಾಲೆಂಡರು ಮೊಳೆಯಿಂದಿಳಿದು, ಗೋಡೆಗೆ ಬೆನ್ನು ಕೊಟ್ಟು, ಏಕಾದಶಿ ಸಂಕಷ್ಟಿಗಳನ್ನು ತೋರಿಸುತ್ತಾ ಸದ್ಗೃಹಸ್ಥನ ಹಾಗೆ ಇರುತ್ತದೆ. ಹೆಬ್ಬಗೋಡಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಮಾತ್ರ ಅದು ತಲೆಯ ಹತ್ತಿರ ಗೋಡೆಗೆ ತಾಗಿದ್ದು, ಇಳಿಯುತ್ತಾ ಇಳಿಯುತ್ತಾ ದೂರ ಸರಿದು, ತಿಂಗಳ ಕೊನೆಯ ವಾರದ ಹಿಂದೆ ಬೆರಳು ತೂರುವಷ್ಟು ಜಾಗ ಬಿಟ್ಟು ತೂಗಾಡುತ್ತದೆ. ಅಪರಾಧ ಕ್ಯಾಲೆಂಡರಿನದಲ್ಲ, ಅದು ಗುರುತ್ವಾಕರ್ಷಣೆಗೆ ವಿಧೇಯವಾಗಿ ನೇರವಾಗಿಯೇ ಇದೆ. ವಾಲಿರುವುದು ಗೋಡೆ, ಪಕ್ಕದ ಮನೆಯ ಸುದ್ದಿ ಕೇಳಲು ತಲೆ ಮುಂದೆ ಚಾಚಿದ ಹೆಂಗಸಿನಂತೆ ಒಳಕ್ಕೆ ಬಾಗಿದೆ. ಆ ಗೋಡೆ ಕಟ್ಟಿದವಳು ನಾನು.

ಮನೆ ನನಗೆ ಬಂದದ್ದು ನಂಜಮ್ಮತ್ತೆಯಿಂದ. ಅಪ್ಪನ ಅಕ್ಕ ಅವಳು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಾತ ಕೊಟ್ಟ ಈ ಹೆಂಚಿನ ಮನೆಯಲ್ಲಿ ರೇಷ್ಮೆಹುಳು ಸಾಕಿ ಬದುಕಿದವಳು. ಮಕ್ಕಳಿಲ್ಲದ ಆಕೆ ಹೋದ ವರ್ಷ ತೀರಿಕೊಳ್ಳುವ ಮುನ್ನ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದಳು. ಈಗ ಸುತ್ತ ನಾಲ್ಕೂ ದಿಕ್ಕಿಗೆ ಪಿ.ಜಿ. ಕಟ್ಟಡಗಳು, ಅವುಗಳ ಬಾಲ್ಕನಿಗಳಲ್ಲಿ ಒಣಗುವ ಬನಿಯನ್‌, ಟವೆಲುಗಳ ತೋರಣದ ಕೆಳಗೆ ನಮ್ಮ ಮನೆ, ದೊಡ್ಡವರ ಮದುವೆಗೆ ಬಂದ ಬಡ ನೆಂಟನಂತೆ ಕೂತಿದೆ. ಮಾರತ್ತಹಳ್ಳಿಯ ಫ್ಲ್ಯಾಟು ಬಿಟ್ಟು ಇಲ್ಲಿಗೇ ಬಂದುಬಿಡುತ್ತೇನೆಂದಾಗ ಸ್ನೇಹಿತೆಯರು ನನ್ನ ಮನಸ್ಸೂ ಕೊಂಚ ವಾಲಿದೆಯೇ ಎಂದು ಪರೀಕ್ಷಿಸುವ ಹಾಗೆ ನೋಡಿದರು.

ಗೋಡೆ ಕಟ್ಟಿದ ಬೇಸಿಗೆಗೆ ಬರೋಣ. ನಾನು ಹತ್ತನೆಯ ತರಗತಿ ಮುಗಿಸಿದ್ದೆ. ನಮ್ಮೂರಲ್ಲಿ ಕಾಲೇಜಿಲ್ಲ, ಅತ್ತೆಯ ಮನೆಯಿಂದಾದರೆ ಬಸ್ಸಿತ್ತು. ಆದರೆ ಆ ಮನೆಯ ತುಂಬ ಹುಳುವಿನ ತಟ್ಟೆಗಳು; ಮನುಷ್ಯರು ಅವುಗಳ ಸಂದಿಯಲ್ಲಿ ಮಲಗಬೇಕಿತ್ತು. ಅಪ್ಪ ಒಂದೇ ಮಾತು ಹೇಳಿದ್ದರು: “ಮಳೆಗಾಲಕ್ಕೆ ಮುಂಚೆ ಮಗೀಗೆ ಅಂತ ಒಂದು ರೂಮಾದ್ರೆ ಓದ್ಲಿ ಅಕ್ಕಾ. ಇಲ್ದಿದ್ರೆ ಗಂಡು ನೋಡ್ತೀನಿ.” ಅತ್ತೆ ಹಿತ್ತಲಲ್ಲಿ ಕೋಣೆ ಕಟ್ಟಿಸಲು ಹೊರಟಳು. ಹೊಸೂರು ರಸ್ತೆಯುದ್ದಕ್ಕೂ ಕಂಪನಿಗಳು ಏಳುತ್ತಿದ್ದ ಕಾಲ ಅದು. ಮೂರು ಗೋಡೆ ಎಬ್ಬಿಸಿದ ಮೇಸ್ತ್ರಿ, ನಾಲ್ಕನೆಯದಕ್ಕೆ ಪಾಯ ಹಾಕಿ, ದೊಡ್ಡ ಕೆಲಸ ಸಿಕ್ಕಿತೆಂದು ಕರಣೆ ಸಮೇತ ಅಂತರ್ಧಾನನಾದ. ನನ್ನ ವಿದ್ಯಾಭ್ಯಾಸ ಮೂರು ಗೋಡೆಗಳ ನಡುವೆ ಆಕಾಶ ನೋಡುತ್ತಾ ನಿಂತಿತು.

ಅತ್ತೆ ಎರಡು ದಿನ ಅವನಿಗೆ ಹಿಡಿಶಾಪ ಹಾಕಿ, ಮೂರನೆಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅವ್ನೇನ್ ಉಟ್ದಾಗ್ಲೇ ಕಲ್ತಿದ್ನಾ? ಬಾರೇ, ಇಟ್ಟಿಗೆ ಕೊಡು.” ಗೋಡೆ ನೆಟ್ಟಗಿದೆಯೋ ಎಂದು ನೋಡಲು ದಾರಕ್ಕೆ ಬಾಗಿಲ ಬೀಗ ಕಟ್ಟಿ ಇಳಿಬಿಟ್ಟೆವು. ಬೀಗ ಸುಮ್ಮನೆ ನಿಲ್ಲದು. ನಿಲ್ಲುವತನಕ ಕಾಯುವ ತಾಳ್ಮೆ ನಮಗಿಲ್ಲ. ಅದು ಅತ್ತ ಇತ್ತ ಆಡುವುದರ ನಡುವೆ ಎಲ್ಲೋ ಒಂದು ಕಡೆ ‘ನೆಟ್ಟಗೆ’ ಇರಬೇಕೆಂದು ಊಹಿಸಿ ಇಟ್ಟಿಗೆ ಇಡುತ್ತಾ ಹೋದೆವು. ಸಿಮೆಂಟಿನ ಲೆಕ್ಕವನ್ನಂತೂ ಅತ್ತೆ ಒಪ್ಪಲೇ ಇಲ್ಲ. ನೆಂಟರಿಗೆ ತುಪ್ಪ ಬಡಿಸುವವಳ ಧಾರಾಳದಲ್ಲಿ, “ಇಷ್ಟೇನಾ? ಇನ್ನೊಂದ್ ಬಾಂಡ್ಲಿ ಸುರಿಯೇ” ಎನ್ನುತ್ತಿದ್ದಳು. ಅಂಗೈ ಸುಲಿದವು, ಮೂಗು ಬಿಸಿಲಿಗೆ ಕಪ್ಪಿಟ್ಟಿತು. ಮುಂಗಾರಿನ ಮೊದಲ ಹನಿ ಬಿದ್ದಾಗ ಹೆಂಚಿನ ಕೆಳಗೆ ನಾನು ಚಾಪೆ ಹಾಸಿದ್ದೆ. ಅಪ್ಪ ಬಂದು, ತಲೆಯನ್ನು ಗೋಡೆಯಷ್ಟೇ ವಾಲಿಸಿ ನೋಡಿ, ಕಾಲೇಜಿಗೆ ಸೇರಿಸಿದರು.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಮನೆಗೆ ಯಾರೇ ಬರಲಿ, ಕಾಫಿಗೂ ಮೊದಲು ಅತ್ತೆ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ಯುವಳು: “ನಮ್ ಉಡುಗಿ ಕಟ್ಟಿದ್ದು. ನೋಡಿ ಎಂಗೈತೆ!” ಹೇಗಿದೆಯೆಂಬುದು ಎಲ್ಲರಿಗೂ ಕಾಣುತ್ತಿತ್ತು. ನಾನು ಹಿಪ್ಪುನೇರಳೆ ತೋಟದ ಕಡೆ ಓಡುತ್ತಿದ್ದೆ. ಕ್ಯಾಲೆಂಡರಿನ ಕೆಳತುದಿಗೆ ಟೇಪು ಅಂಟಿಸಿ ಗೋಡೆಯ ಮಾನ ಮುಚ್ಚುತ್ತಿದ್ದೆ. ಮುಂದೆ ನಾನು ಭೌತಶಾಸ್ತ್ರದ ಅಧ್ಯಾಪಕಿಯಾದೆ. ಲೋಲಕದ ಪಾಠ ಮಾಡುವಾಗಲೆಲ್ಲ ಆ ಬೀಗ ಕಣ್ಣೆದುರು ಆಡುತ್ತಿತ್ತು. ಮಕ್ಕಳ ಮುಂದೆ ಬಾಯಿ ಬಿಡಲಿಲ್ಲ.

ಮನೆ ರಿಪೇರಿಗೆ ಬಂದ ಕಂಟ್ರಾಕ್ಟರ್ ಮಂಜುನಾಥ ಮೊನ್ನೆ ನೆಟ್ಟಗಿದೆಯೋ ಎಂದು ನೋಡಲು ಗೋಡೆಯ ಮೇಲೆ ಲೇಸರಿನ ಕೆಂಪು ಗೆರೆ ಬಿಟ್ಟ. ಇಷ್ಟು ಕಾಲ ಟೇಪಿನಲ್ಲಿ ಮುಚ್ಚಿದ್ದು ಕ್ಷಣದಲ್ಲಿ ಬಯಲಾಯಿತು. “ಮೇಡಂ, ಇದು ಸಕ್ಕತ್ ಔಟ್ ಇದೆ. ವಾರ್ಡ್‌ರೋಬ್ ಕೂರಲ್ಲ. ಒಡೆದ್ಬಿಡೋಣ.” ಹಳೆಯ ನಾಚಿಕೆ, ಅಭ್ಯಾಸಬಲ, ನಾನು ಹೂಂ ಅಂದುಬಿಟ್ಟೆ.

ಸುತ್ತಿಗೆಯ ಮೊದಲ ಏಟಿಗೆ ಒಂದು ಚೂರು ಗಾರೆ ಹಾರಿತು. ಎರಡನೆಯದಕ್ಕೆ ಅದೂ ಇಲ್ಲ; ಸುತ್ತಿಗೆಯೇ ಹಿಂದಕ್ಕೆ ಚಿಮ್ಮಿತು. ಅತ್ತೆಯ ಬಾಂಡ್ಲಿ ಬಾಂಡ್ಲಿ ಸಿಮೆಂಟು ಒಳಗೆ ಕೂತು ಹಟ ಹಿಡಿದಿತ್ತು. ಮೂರನೆಯ ಏಟು ನನ್ನ ಎದೆಗೇ ಬೀಳುವುದೆನಿಸಿ, “ನಿಲ್ಸಪ್ಪಾ!” ಎಂದು ಕೂಗಿದೆ. ಎಂಥ ಹೆಡ್ಡಿ ನಾನು! ಈ ಗೋಡೆ ನಿಂತದ್ದರಿಂದ ತಾನೇ ನಾನು ನಿಂತದ್ದು? ಅದಕ್ಕೆ ಬೆನ್ನು ಆನಿಸಿಯೇ ಓದಿದೆ. ಅದು ಕೊಂಚ ವಾಲಿದ್ದರೂ ನನ್ನನ್ನು ಬೀಳಗೊಡಲಿಲ್ಲ.

ಮಂಜುನಾಥ ಬೆವರೊರೆಸಿಕೊಂಡು ಗೋಡೆಯನ್ನು ತಟ್ಟಿ ನೋಡಿದ. “ಯಾವ ಮೇಸ್ತ್ರಿ ಮೇಡಂ ಇದನ್ನ ಕಟ್ಟಿದ್ದು?”

ಹಿಪ್ಪುನೇರಳೆ ತೋಟ ಈಗಿಲ್ಲ. ಓಡಲು ಜಾಗವೂ ಇಲ್ಲ, ಮನಸ್ಸೂ ಇಲ್ಲ. “ನಾನು ಕಣಪ್ಪ,” ಅಂದೆ. “ನಮ್ಮತ್ತೆ ಜೊತೆ. ಹೇಗಿದೆ, ನೋಡು!”

ವಾರ್ಡ್‌ರೋಬು ಬೇರೆ ಕೋಣೆಗೆ ಹೋಯಿತು. ಹೊಸ ಕ್ಯಾಲೆಂಡರನ್ನು ಅದೇ ಮೊಳೆಗೆ ತೂಗುಹಾಕಿದ್ದೇನೆ. ಕಿಟಕಿಯ ಗಾಳಿಗೆ ಅದು ಆ ಬೀಗದ ಹಾಗೇ ಅತ್ತ ಇತ್ತ ಆಡುತ್ತದೆ. ಟೇಪು ಹಚ್ಚಿಲ್ಲ. ನೀವು ಬನ್ನಿ ಒಮ್ಮೆ. ಕಾಫಿಗೂ ಮೊದಲು ಆ ಕೋಣೆಗೇ ಕರೆದೊಯ್ಯುತ್ತೇನೆ.