ದೇವರ ಗೂಡಿನಲ್ಲಿದ್ದ ಪತ್ರ

ಆಗ ನನಗೆ ಅರವತ್ತೇಳು. ಹನ್ನೊಂದು ವರ್ಷದ ಹಿಂದೆ, ಅಮೆರಿಕದ ಈ ಸ್ಯಾನ್ ರಮೋನಿನಲ್ಲಿ, ತುಂಬಿದ ಸಭೆಯಲ್ಲಿ ನಾನು ಸುಳ್ಳು ಹೇಳಿದೆ. ಉಪಕಾರ ಮಾಡಿದವರ ಎದುರಿಗೇ, ಅವರು ಏನೂ ಮಾಡಿಲ್ಲ ಎಂದೆ.

ಅವರು ಈ ಭಾಗದ ಕಾಂಗ್ರೆಸ್‌ಮನ್. ನಮ್ಮ ಕಡೆ ಎಂಪಿ ಅಂತೀವಲ್ಲ, ಹಾಗೆ. ಈ ಬೀದಿಗಳೆಲ್ಲ ಅಕ್ರೋಟು ತೋಟವಾಗಿದ್ದ ಕಾಲಕ್ಕೆ ಮೇಷ್ಟರ ಕೆಲಸ ಬಿಟ್ಟು ಚುನಾವಣೆಗೆ ನಿಂತವರು; ಮೂವತ್ತು ವರ್ಷ ಸೋತಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಏನೇನು ಕಾನೂನು ಮಾಡಿದರೋ ನನಗೆ ತಿಳಿಯದು — ನಾನು ಓದಿದ್ದು ಮೂರನೇ ಕ್ಲಾಸು. ನಾನು ಕಂಡದ್ದು ಅವರ ಮೇಜು. ಊರಿಗೆ ಬಂದ ಶನಿವಾರಗಳಲ್ಲಿ ಗ್ರಾಸರಿ ಅಂಗಡಿಯ ಬಾಗಿಲ ಬಳಿ ಮಡಚುವ ಮೇಜು ಹಾಕಿಕೊಂಡು ಕೂರುತ್ತಿದ್ದರು. ಯಾರು ಬೇಕಾದರೂ ಹೋಗಿ ಕಷ್ಟ ಹೇಳಬಹುದಿತ್ತು.

ಆ ಸಭೆಗೆ ಎರಡು ವರ್ಷ ಮುಂಚೆ, ಮದ್ದೂರಿನಲ್ಲಿ ನನ್ನ ತಂಗಿ ಇವತ್ತೋ ನಾಳೆಯೋ ಎನ್ನುವಂತಿದ್ದಳು. ನನ್ನ ಗ್ರೀನ್ ಕಾರ್ಡಿನ ಕಾಗದ ಯಾವುದೋ ಆಫೀಸಿನಲ್ಲಿ ಸಿಕ್ಕಿಕೊಂಡಿತ್ತು. ಹೋದರೆ ವಾಪಸು ಬರುವಂತಿಲ್ಲ. ಮಗಳು ಸುಜಾತ ನನ್ನನ್ನು ಆ ಮೇಜಿಗೆ ಕರೆದುಕೊಂಡು ಹೋದಳು. ಅವರು ಎದ್ದು ತಮ್ಮ ಕುರ್ಚಿ ಕೊಟ್ಟರು. ಹೆಸರು ಕೇಳಿ, ತಪ್ಪಾಗಿ ಹೇಳಿ, ಮತ್ತೆ ಕೇಳಿ — "ನಿಂಗಮ್ಮ" — ಸರಿಯಾಗುವವರೆಗೂ ಬಿಡಲಿಲ್ಲ. ನನ್ನೆದುರೇ ಫೋನು ಮಾಡಿದರು. ಹತ್ತು ದಿನಕ್ಕೆ ಕಾಗದ ಬಂತು, ಜೊತೆಗೆ ಅವರ ಸಹಿ ಇದ್ದ ಒಂದು ಪತ್ರ. ಊರಿಗೆ ಹೋಗಿ, ತಂಗಿಗೆ ಅವಳ ಕೊನೆಯ ನಾಲ್ಕು ದಿನ ನನ್ನ ಕೈಯಾರೆ ಗಂಜಿ ಕುಡಿಸಿದೆ.

ವಾಪಸು ಬಂದು ಆ ಪತ್ರಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟೆ. ಸುಜಾತ ನಕ್ಕಳು.

"ಏನಮ್ಮಾ, ಕಾಂಗ್ರೆಸ್‌ಮನ್‌ಗೂ ಪೂಜೇನಾ?"

"ಸುಮ್ನಿರೇ. ದೇವ್ರು ಆಫೀಸಿಗೆ ಫೋನ್ ಮಾಡ್ಲಿಲ್ಲ, ಇವ್ರು ಮಾಡಿದ್ರು."

ಆಮೇಲಿನ ಚುನಾವಣೆಯಲ್ಲಿ ಅವರ ಎದುರು ನಮ್ಮ ಬೆಂಗಳೂರಿನ ಕಡೆಯವನೊಬ್ಬ ನಿಂತ. ಅಳಿಯ ಅವನ ಪರವಾಗಿ ಮನೆಮನೆ ತಿರುಗುತ್ತಿದ್ದ. ನಮ್ಮ ಜನರ ಸಭೆಗೆ ಇಬ್ಬರನ್ನೂ ಕರೆದರು. ಮೂವತ್ತು ವರ್ಷದಲ್ಲಿ ನಮ್ಮವರಿಗೆ ಇವರೇನು ಮಾಡಿದ್ದಾರೆ ಎಂದು ಹೊಸಬ ಕೇಳಿದ. ಅದಕ್ಕೆ ಕಾಂಗ್ರೆಸ್‌ಮನ್ ಕೊಟ್ಟ ಉತ್ತರವನ್ನು ಸುಜಾತ ನನ್ನ ಕಿವಿಯಲ್ಲಿ ಹೇಳಿದಳು — ಕಷ್ಟ ಹೇಳಿಕೊಂಡು ಬಂದವರ ಹೆಸರನ್ನು ನಾನು ಹೇಳುವುದಿಲ್ಲ, ಬೇಕೆನಿಸಿದರೆ ಅವರೇ ಹೇಳಲಿ, ಎಂದರಂತೆ.

ಮುಂದಿನ ಸಾಲಿನಲ್ಲಿ ಹಿರಿಯಳು ನಾನೇ. ಮೈಕು ಹಿಡಿದ ಹುಡುಗಿ ನೇರ ನನ್ನ ಬಳಿಗೆ ಬಂದಳು.

"ಅಜ್ಜಿ, ನೀವ್ ಹೇಳಿ. ಇವ್ರಿಂದ ನಿಮ್ಗೇನಾದ್ರೂ ಹೆಲ್ಪ್ ಆಗಿದ್ಯಾ?"

ಸುಜಾತ ನನ್ನ ತೊಡೆ ಜಿಗುಟಿದಳು. ಜಿಗುಟಿದ್ದು ಅವಳು, ನಾಲಿಗೆ ನನ್ನದು.

"ಇಲ್ಲ ಕಣವ್ವ. ಈವಯ್ಯ ಯಾರೋ ನಂಗೊತ್ತಿಲ್ಲ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಸುಜಾತ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಅವರು ನನ್ನನ್ನೇ ನೋಡಿದರು. ಗುರುತು ಸಿಕ್ಕಿತ್ತು — ಆ ನೋಟ ಇನ್ನೂ... "ಥ್ಯಾಂಕ್ಯೂ, ಮೇಡಂ" ಎಂದರು. ಅಷ್ಟು ಕಷ್ಟಪಟ್ಟು ಕಲಿತ ಹೆಸರನ್ನು ಬಾಯಿಗೆ ತರಲಿಲ್ಲ. ತಂದಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

ಆ ಸಲ ಅವರು ಸೋತರು. ನನ್ನ ಒಂದು ಮಾತಿನಿಂದ ಸೋತರು ಎನ್ನಲಾರೆ — ಅಲ್ಲ ಎನ್ನಲೂ ಆಗದು.

ಹೋದ ತಿಂಗಳು ತೀರಿಕೊಂಡರು. ಮೊಮ್ಮಗಳು ಫೋನಿನಲ್ಲಿ ಅವರ ಬದುಕಿನ ಕಥೆ ಓದಿದಳು. ಕಾನೂನು, ಸೇತುವೆ, ಸೈನಿಕರ ಆಸ್ಪತ್ರೆ, ಎಲ್ಲ ಇತ್ತು. ಮೇಜು ಇರಲಿಲ್ಲ.

"ಡಿಡ್ ಯೂ ನೋ ಹಿಮ್, ಅಜ್ಜಿ?"

"ಗೊತ್ತಿತ್ತು" ಎಂದೆ. ಯಾರಿಗೆ ಕೇಳಿಸಬೇಕಿತ್ತೋ ಅವರಿಲ್ಲ.

ಹೇಳಬೇಕಾದ್ದು ಇನ್ನೊಂದು ಉಳಿದಿದೆ. ಸಭೆಯ ಮಾರನೆಯ ಬೆಳಿಗ್ಗೆ ಅಳಿಯನ ಕಡೆಯವರು ತಿಂಡಿಗೆ ಬರುವವರಿದ್ದರು. ನಾನು ಸ್ನಾನ ಮಾಡಿ, ದೇವರ ಗೂಡಿನಿಂದ ಆ ಪತ್ರ ತೆಗೆದು ರಾಗಿಹಿಟ್ಟಿನ ಡಬ್ಬದ ಕೆಳಗೆ ತಳ್ಳಿದೆ. ಕೈಗೆ ಕುಂಕುಮ ಹತ್ತಿತು; ಸೆರಗಿಗೆ ಒರೆಸಿಕೊಂಡೆ. ಆಮೇಲೆ ದೀಪ ಹಚ್ಚಿ, ಉಪ್ಪಿಟ್ಟಿಗೆ ರವೆ ಹುರಿದೆ.